ಹೆಸರು ನಮ್ಮದು, ತೀರ್ಮಾನ ಯಾರದು?

ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿ ನೆಲೆಸಿರುವ ತಂಗಿಯ ಮನೆಗೆ ಈಚೆಗೆ ಹೋದಾಗ ನಮ್ಮ ತೋಟದ ಒಂದು ಕಿಲೋ ಕಾಳುಮೆಣಸು ಒಯ್ದಿದ್ದೆ. ಅವಳ ಅಡುಗೆಮನೆಯಲ್ಲಿ ಎಂ.ಟಿ.ಆರ್. ಸಾರಿನಪುಡಿಯ ಪೊಟ್ಟಣವಿತ್ತು. "ಇದೂ ನಮ್ಮವರದೇ ಅಲ್ಲವೇ ಅಣ್ಣಾ?" ಎಂದಳು. ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

ಉಡುಪಿ ಸೀಮೆಯ ಕೋಟದ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲಿನಿಂದ ಬೆಳೆದ ಹೆಸರದು. ಹೋಟೆಲು ಇಂದಿಗೂ ಆ ಕುಟುಂಬದ್ದೇ. ಆದರೆ ಸಿದ್ಧ ಆಹಾರದ ಉದ್ಯಮವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಕೇರಳದ ಈಸ್ಟರ್ನ್ ಮಸಾಲೆಯ ಬಹುಪಾಲು ಒಡೆತನವೂ 2021ರಲ್ಲಿ ಅದರ ಕೈಸೇರಿತು.

ವಿದೇಶಿಯರು ಕೊಂಡ ಮಾತ್ರಕ್ಕೆ ರುಚಿ ಕೆಡುವುದಿಲ್ಲ, ಮಾರುಕಟ್ಟೆ ವಿಸ್ತರಿಸಲೂಬಹುದು. ಆದರೆ ಹೆಸರನ್ನು ಉಳಿಸುವ, ಅಳಿಸುವ ಅಧಿಕಾರವೂ ಕೊಂಡವನದೇ. 1993ರಲ್ಲಿ ಪಾರ್ಲೆಯ ಪಾನೀಯಗಳು ಕೋಕಾ-ಕೋಲಾ ಪಾಲಾದವು. ಥಮ್ಸ್ ಅಪ್ ಉಳಿಯಿತು, ಗೋಲ್ಡ್ ಸ್ಪಾಟ್ ಮರೆಯಾಯಿತು. ಅದೇ ಕಂಪನಿ ಹುಯಿಯುವಾನ್ ಎಂಬ ಚೀನೀ ಹಣ್ಣಿನ ರಸದ ಸಂಸ್ಥೆಯನ್ನು ಕೊಳ್ಳಹೊರಟಾಗ, 2009ರಲ್ಲಿ ಚೀನಾ ಸರ್ಕಾರ ಕಾನೂನಿನ ಬಲದಿಂದ ತಡೆಯಿತು.

ಬೆಳೆಗಾರರಾದ ನಮಗೆ ಮುಖ್ಯವಾದ ಪ್ರಶ್ನೆ ಬೇರೆ. ಯಾವ ನಾಡಿನ ಮೆಣಸನ್ನು, ಯಾವ ದರಕ್ಕೆ ಕೊಳ್ಳಬೇಕೆಂಬ ತೀರ್ಮಾನ ಎಲ್ಲಿ ಆಗುತ್ತದೆ? ಪೊಟ್ಟಣದ ಮೇಲಿನ ಊರಿನ ಹೆಸರು ಆ ಊರಿನ ಬೆಳೆಯನ್ನೇ ಕೊಳ್ಳುವ ಕರಾರಲ್ಲ. ಒಡೆಯ ಬೆಂಗಳೂರಿನವನಾದರೂ ಈ ಮಾತು ಸುಳ್ಳಾಗದು.

ಕೋಕೋ ಬೆಳೆ ನಮಗೆ ಈ ಪಾಠವನ್ನು ಹಿಂದೆಯೇ ಕಲಿಸಿದೆ. 1970ರ ದಶಕದಲ್ಲಿ ಕಂಪನಿಗಳ ಉತ್ತೇಜನದಿಂದ ಅಡಕೆ ತೋಟಗಳಲ್ಲಿ ಕೋಕೋ ಹಬ್ಬಿತು. 1980ರ ಸುಮಾರಿಗೆ ಜಾಗತಿಕ ಬೆಲೆ ಕುಸಿದಾಗ ಖಾಸಗಿ ಖರೀದಿದಾರರು ಹಿಂದೆ ಸರಿದರು. ಬೆಳೆಗಾರರು ಗಿಡಗಳಿಗೆ ಕತ್ತಿ ಹಾಕತೊಡಗಿದರು. ಆಗ ಖರೀದಿಗೆ ಇಳಿದದ್ದು, 1973ರಲ್ಲಿ ಅಡಕೆ ಬೆಳೆಗಾರರೇ ಕಟ್ಟಿಕೊಂಡಿದ್ದ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆಯೂ ಆರಂಭವಾಯಿತು. ಸದಸ್ಯರ ಸೊತ್ತಾದ ಇಂಥ ಸಂಸ್ಥೆಯನ್ನು ಯಾವುದೋ ಕುಟುಂಬವಾಗಲಿ ಹೂಡಿಕೆದಾರನಾಗಲಿ ಮಾರಿಬಿಡಲಾಗದು.

ಸಹಕಾರ ಸಂಘಗಳೆಲ್ಲ ನಿರ್ದೋಷಿಗಳೆಂದು ನಾನು ಹೇಳಲಾರೆ. ಸದಸ್ಯರು ಮಹಾಸಭೆಗೆ ಹೋಗದ ಕಡೆ ಕೆಲವರದೇ ಕಾರುಬಾರು. ಆದರೆ ಅಲ್ಲಿ ಕೇಳುವ ಹಕ್ಕು ನಮಗಿದೆ. ಓಸ್ಲೋದ ಆಡಳಿತ ಮಂಡಳಿಯಲ್ಲಿ ಇಲ್ಲ. ಆದ್ದರಿಂದ ಈ ವರ್ಷ ನಿಮ್ಮ ಸಂಘದ ಮಹಾಸಭೆಗೆ ತಪ್ಪದೆ ಹೋಗಿ. ವಿದ್ಯಾರ್ಥಿ ಮಿತ್ರರೇ, ಲೆಕ್ಕಪತ್ರ ಓದಲು ಹಿರಿಯರಿಗೆ ನೆರವಾಗಿ. ನಮ್ಮ ಮೆಣಸನ್ನು ನಾವೇ ಒಣಗಿಸಿ, ದರ್ಜೆ ವಿಂಗಡಿಸಿ, ಪುಡಿಮಾಡಿ ಮಾರಲು ಏನು ಅಡ್ಡಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿ.