ಕಾಡು ಗೊತ್ತಿರೋ ಮಕ್ಕಳು ಆ ಸಭೆಗೆ ಹೋಗೋದು ಯಾವಾಗ?



ಜೀವಶಾಸ್ತ್ರ, ಪರಿಸರ ಓದೋ ವಿದ್ಯಾರ್ಥಿಗಳಿಗೇ ಅಂತ ವರ್ಷಕ್ಕೊಮ್ಮೆ ನಡೆಯೋ ಸಮ್ಮೇಳನವೊಂದಿದೆ. ಹೆಸರು ಸ್ಟೂಡೆಂಟ್ ಕಾನ್ಫರೆನ್ಸ್ ಆನ್ ಕನ್ಸರ್ವೇಶನ್ ಸೈನ್ಸ್. 2000ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಶುರುವಾಗಿ 2010ರಲ್ಲಿ ಬೆಂಗಳೂರಿಗೂ ಬಂತು. ಏಷ್ಯಾ, ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ಬಂದು ತಮ್ಮ ಕೆಲಸ ಮಂಡಿಸ್ತಾರೆ, ಮುಂದಿನ ಓದಿಗೆ ದಾರಿ ಕಂಡುಕೊಳ್ತಾರೆ. 2009ರಲ್ಲಿ ಶುರುವಾದ ‘ಯೇತಿ’ ಅನ್ನೋ ಯುವ ಪರಿಸರ ವಿಜ್ಞಾನಿಗಳ ಕೂಟ ಊರಿಂದೂರಿಗೆ ಹೋಗಿ ಸಭೆ ನಡೆಸುತ್ತೆ. ಎರಡೂ ಒಳ್ಳೆಯ ಕೆಲಸವೇ.

ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಬಿಎಸ್ಸಿ ಓದ್ತಿರೋ ನಮ್ಮ ಕೇರಿಯ ಮಕ್ಕಳಿಗೆ ಈ ಸುದ್ದಿ ಮುಟ್ಟಿಸೋರು ಯಾರು?

1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಪತ್ತೆಯಾಯ್ತು. ಇವತ್ತಿಗೂ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಕಾಯಿಲೆಗೆ ಇರೋದು ಆ ಕಾಡಿನ ಹೆಸರೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಹಲವರ ಜೀವ ತೆಗೀತು. ಉಣುಗು ಕಚ್ಚೋದು ಯಾರಿಗೆ? ಸೊಪ್ಪು ಕಡಿಯೋರಿಗೆ, ತರಗೆಲೆ ಗುಡಿಸೋರಿಗೆ, ಸೌದೆ ಹೊರೋರಿಗೆ, ದನ ಕಾಯೋರಿಗೆ. ಸೊಪ್ಪಿನಬೆಟ್ಟದ ಹಕ್ಕು ತೋಟ ಇದ್ದವರದು, ಅಲ್ಲಿನ ಉಣುಗು ಕೂಲಿಯವರ ಪಾಲು. ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ ಅದರ ಕಾಟ ಹೆಚ್ಚು ಅಂತ ನಮ್ಮ ಅವ್ವಂದಿರಿಗೆ ಗೊತ್ತು. ಆ ತಿಳಿವಳಿಕೆ ಮೈಕ್ರೋಸ್ಕೋಪ್ ಹಿಡಿಯೋ ಮಕ್ಕಳ ಕೈಗೆ ಸೇರಿದರೆ ಅದು ವಿಜ್ಞಾನ ಆಗುತ್ತೆ, ನಾಲ್ಕು ಜೀವ ಉಳಿಯುತ್ತೆ.

ಇದು ಮಲೆನಾಡಿಗಷ್ಟೇ ಸೇರಿದ್ದೂ ಅಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ ನಮ್ಮ ಮಂಗನ ಕಾಯಿಲೆ ವೈರಸ್ಸಿನ ಹತ್ತಿರದ ನೆಂಟ. ಸೈಬೀರಿಯಾದ ಓಮ್ಸ್ಕ್ ಜ್ವರವೂ ಅದೇ ಕುಲದ್ದು. ಅಲ್ಲಿ ಓದೋರ ಜೊತೆ ಹೊಸನಗರದ ಹುಡುಗಿ ಮಾತಾಡಬೇಕು.

ಅಡ್ಡ ಬರೋದು ಎರಡು: ಇಂಗ್ಲಿಷು ಮತ್ತು ಬಸ್ ಚಾರ್ಜು. ಆಫೀಸಲ್ಲಿ ಟಿಎ ಬಿಲ್ ಬರೆಯೋ ಗುಮಾಸ್ತ ನಾನು. ‘ಮೊದಲು ಹೋಗಿ ಬನ್ನಿ, ಆಮೇಲೆ ದುಡ್ಡು’ ಅನ್ನೋ ನಿಯಮ ಸಂಬಳ ಬರೋರಿಗೆ ನಡೆಯುತ್ತೆ. ಕೂಲಿಯವರ ಮಗಳಿಗೆ ಆ ‘ಮೊದಲು’ ಎಲ್ಲಿಂದ ತರೋದು?

ಆದ್ದರಿಂದ ಇಂಥ ಸಮ್ಮೇಳನ ನಡೆಸೋರಲ್ಲಿ ಮೂರು ಒತ್ತಾಯ. ಪ್ರಯಾಣದ ಖರ್ಚು ಮುಂಗಡವಾಗಿ ಕೊಡಿ. ಕನ್ನಡದಲ್ಲಿ ಮಂಡಿಸೋಕೆ ಬಿಡಿ, ಅನುವಾದಕರನ್ನ ಇಡಿ. ಒಂದು ವರ್ಷದ ಸಭೆ ಮಲೆನಾಡಲ್ಲೇ ಮಾಡಿ.

ಅವರು ಒಪ್ಪೋ ತನಕ ನಾವು ಸುಮ್ಮನೆ ಕೂರೋದು ಬೇಡ. ಭದ್ರಾವತಿಯಲ್ಲಿ ಪಾಠ ಮಾಡ್ತಿದ್ದ ಬಿ. ಕೃಷ್ಣಪ್ಪನವರು ಸಂಗಾತಿಗಳ ಜೊತೆ 1970ರ ದಶಕದಲ್ಲಿ ದಸಂಸ ಕಟ್ಟಿದಾಗ ಯಾವ ಫಂಡು ಇತ್ತು? ಸಂಘಟನೆ ಕಟ್ಟೋದು ನಮಗೆ ಬರೋ ವಿದ್ಯೆ. ಈ ವರ್ಷ ಸಾಗರ, ಮುಂದಿನ ವರ್ಷ ಹೊಸನಗರ, ಆಮೇಲೆ ತೀರ್ಥಹಳ್ಳಿ: ಜೀವಶಾಸ್ತ್ರ ಓದೋ ಮಕ್ಕಳದ್ದೇ ಒಂದು ದಿನದ ಸಭೆ ಮಾಡೋಣ. ಮೊದಲ ವಿಷಯ ಉಣುಗು. ಹೊರದೇಶದ ವಿದ್ಯಾರ್ಥಿಗಳನ್ನ ವಿಡಿಯೋ ಕಾಲ್‌ನಲ್ಲಿ ಕರೆಯೋಣ.

ನಿಮ್ಮೂರಲ್ಲಿ ಬಿಎಸ್ಸಿ ಓದ್ತಿರೋ ಮಕ್ಕಳಿದ್ದರೆ ಅವರ ಜೊತೆ ಮಾತಾಡಿ, ನನಗೆ ಇನ್‌ಬಾಕ್ಸ್ ಮಾಡಿ. ಪಾಠ ಮಾಡೋ ಮೇಷ್ಟ್ರು, ಮೇಡಂಗಳು ಈ ಗೆಳೆಯರ ಬಳಗದಲ್ಲಿದ್ದರೆ ದಯವಿಟ್ಟು ಮುಂದೆ ಬನ್ನಿ.

ಜೈ ಭೀಮ್.