ಅಜ್ಜಿಯ ಕಷಾಯದ ರಸಾಯನಶಾಸ್ತ್ರ

ಮಕ್ಕಳೇ, ಮೊನ್ನೆ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಸಾರ್, ತುಳಸಿ ಕಷಾಯ ಮಾಡೋದೂ ರಸಾಯನಶಾಸ್ತ್ರವಾ?" ಹೌದು. ತುಳಸಿ ಎಲೆಯಲ್ಲಿರುವ ರೋಸ್ಮರಿನಿಕ್ ಆಮ್ಲ ಬಿಸಿನೀರಿಗೆ ಇಳಿಯುತ್ತದೆ. ಇದೊಂದು ಉತ್ಕರ್ಷಣ ನಿರೋಧಕ, ಅಂದರೆ ಆ್ಯಂಟಿಆಕ್ಸಿಡೆಂಟ್. ಎಣ್ಣೆ ಗಾಳಿಗೆ ಸಿಕ್ಕಿ ಕಮಟು ವಾಸನೆ ಬರುತ್ತದಲ್ಲ, ಅಂಥ ಕೆಡುವಿಕೆಯನ್ನು ಇಂಥ ವಸ್ತುಗಳು ನಿಧಾನಗೊಳಿಸುತ್ತವೆ.

ಗಿಡಮೂಲಿಕೆಗಳಿಂದ ಇವನ್ನು ಬೇರ್ಪಡಿಸಲು ಮೆಥನಾಲ್, ಹೆಕ್ಸೇನ್‌ಗಳನ್ನು ಬಳಸುವುದುಂಟು. ಎರಡೂ ಥಟ್ಟನೆ ಹೊತ್ತಿಕೊಳ್ಳುತ್ತವೆ. ಮೆಥನಾಲ್ ಕಣ್ಣನ್ನು, ಹೆಕ್ಸೇನ್ ನರಗಳನ್ನು ಕೆಡಿಸಬಲ್ಲದು. ನೀರಿಗೆ ಈ ದೋಷಗಳಿಲ್ಲ. ಆದರೆ ಎಲ್ಲವೂ ನೀರಿನಲ್ಲಿ ಕರಗುವುದಿಲ್ಲವಲ್ಲ?

ಇಲ್ಲಿ ಪ್ರೆಶರ್ ಕುಕ್ಕರಿನ ತತ್ತ್ವ ನೆರವಿಗೆ ಬರುತ್ತದೆ. ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಪ್ರಯೋಗಾಲಯದಲ್ಲಿ ಒತ್ತಡವನ್ನು ಇನ್ನೂ ಹೆಚ್ಚಿಸಿದರೆ 200 ಡಿಗ್ರಿಯಲ್ಲೂ ಅದು ದ್ರವವಾಗಿಯೇ ಉಳಿದು, ಕರಗಿಸುವ ಗುಣದಲ್ಲಿ ಮೆಥನಾಲ್‌ಗೆ ಹತ್ತಿರವಾಗುತ್ತದೆ. ಆದರೆ ಬಿಸಿ ಅತಿಯಾದರೆ ಬೇಕಾದ ವಸ್ತುವೇ ಕೆಟ್ಟೀತು. ಹದ ತಿಳಿದಿರಬೇಕು, ಅಜ್ಜಿಗೂ, ವಿಜ್ಞಾನಿಗೂ.

ಪೋಷಕರಿಗೊಂದು ಮಾತು: ಕಷಾಯ ಕುಡಿಸಿ, ಬೇಡವೆನ್ನುವುದಿಲ್ಲ. ಆದರೆ ಮಗುವಿನ ಜ್ವರ ಬಿಡದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಲೋಟದಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ ಎಂದಮಾತ್ರಕ್ಕೆ ಅದು ರೋಗಕ್ಕೆ ಮದ್ದಾಗದು.