ಪಾಯಿಂಟೋ, ಪರ್ಸೋ?

ಯಜಮಾನರು ಕಂಪನಿ ಕೆಲಸ ಅಂತ ತಿಂಗಳಿಗೆರಡು ಸಲ ಊರೂರು ಸುತ್ತುತ್ತಾರೆ. ಈಗ ಎಷ್ಟೋ ಮನೆಗಳಲ್ಲಿ ಸುತ್ತುವವರು ನೀವೇ. ತಂಗಿದ ಹೋಟೆಲಿನವರು ಪ್ರತಿ ಸಲವೂ ಖಾತೆಗೆ ಒಂದಷ್ಟು ಪಾಯಿಂಟ್ ಹಾಕುತ್ತಾರೆ. ಅದು ನಲವತ್ತೋ ಅರವತ್ತೋ ಸಾವಿರವಾದಾಗ ಮನೆಯಲ್ಲಿ ಚರ್ಚೆ ಶುರು. 'ಗೋವಾಕ್ಕೆ ಫ್ರೀಯಾಗಿ ಹೋಗೋಣ' ಅಂತ ಮಕ್ಕಳು. 'ಇರಲಿ ಬಿಡ್ರೋ, ಮುಂದೆ ಬೇಕಾಗುತ್ತೆ' ಅಂತ ನಾವು. ಒಳ್ಳೇ ಸೀರೆಯನ್ನು ಬೀರುವಿನಲ್ಲಿಟ್ಟು ಮಡಿಕೆಯಲ್ಲೇ ಹರಿಯಲು ಬಿಡುವ ಬುದ್ಧಿ ನಮ್ಮದು, ಅಲ್ಲವೇ?

ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿಯಾದರೂ ಬರುತ್ತದೆ. ಪಾಯಿಂಟಿಗೆ ಅದೂ ಇಲ್ಲ. ಮ್ಯಾರಿಯಟ್ ಬಾನ್‌ವಾಯ್‌ನವರು 2022ರಲ್ಲಿ 'ಈ ಹೋಟೆಲಿಗೆ ಇಷ್ಟು ಪಾಯಿಂಟ್' ಎಂಬ ನಿಗದಿ ಪಟ್ಟಿಯನ್ನೇ ತೆಗೆದುಬಿಟ್ಟರು. ಈಗ ತಾರೀಖು ನೋಡಿ ಪಾಯಿಂಟ್ ಹೇಳುತ್ತಾರೆ. 24 ತಿಂಗಳು ಖಾತೆ ಅಲುಗಾಡದಿದ್ದರೆ ಇದ್ದದ್ದೆಲ್ಲ ಹೋಯಿತು!

ಹಾಗಂತ ಸಿಕ್ಕಿದ್ದಕ್ಕೆಲ್ಲ ಸುರಿಯಬೇಡಿ. ಲೆಕ್ಕ ಸುಲಭ. ರೂಮಿನ ಬಾಡಿಗೆಗೆ ತೆರಿಗೆ ಸೇರಿಸಿ, ಕೇಳುವ ಪಾಯಿಂಟಿನಿಂದ ಭಾಗಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಜಿಎಸ್‌ಟಿ, ಅದು ದಾಟಿದರೆ ಶೇ 18. ಗೋವಾದಲ್ಲಿ ಮಳೆಗಾಲದ ಒಂದು ಮಂಗಳವಾರ ರೂಮು 6,000 ರೂಪಾಯಿ, ಪಾಯಿಂಟಾದರೆ 14,000 ಅಂದುಕೊಳ್ಳಿ. ತೆರಿಗೆ ಸೇರಿ 6,300. ಒಂದು ಪಾಯಿಂಟಿಗೆ ಸಿಕ್ಕಿದ್ದು 45 ಪೈಸೆ. ಅದೇ ರೂಮು ಡಿಸೆಂಬರ್ ಕೊನೇ ವಾರ 12,000, ಪಾಯಿಂಟು 20,000 ಅನ್ನಿ. ತೆರಿಗೆ ಸೇರಿ 14,160. ಈಗ ಸುಮಾರು 71 ಪೈಸೆ! ಪಾಯಿಂಟ್ ಹೆಚ್ಚು ಕೇಳಿದರೂ ಲಾಭ ಡಿಸೆಂಬರಿನಲ್ಲೇ. ಮಳೆಗಾಲದಲ್ಲಿ ದುಡ್ಡೇ ಕೊಡಿ, ಕೊಟ್ಟ ದುಡ್ಡಿಗೂ ಪಾಯಿಂಟ್ ಬರುತ್ತದೆ. ಅರವತ್ತು ಪೈಸೆ ದಾಟಿದರೆ ಬಳಸಿ ಎಂಬುದು ನಮ್ಮ ಅಳತೆ. ತಾಜ್ ಹೋಟೆಲುಗಳಲ್ಲಿ ನಡೆಯುವ ನ್ಯೂಕಾಯಿನ್‌ಗೆ ಈ ಭಾಗಾಕಾರ ಬೇಕಿಲ್ಲ, ಒಂದಕ್ಕೆ ಒಂದು ರೂಪಾಯಿ.

ಆದರೆ ಈ ಲೆಕ್ಕದಲ್ಲೊಂದು ಮೋಸವಿದೆ. ನೀವು ಸಾಮಾನ್ಯವಾಗಿ ಮೂರು ಸಾವಿರದ ರೂಮಿನಲ್ಲಿ ಇರುವವರು ಅಂದಮೇಲೆ, ಪಾಯಿಂಟಿನಿಂದ ನಿಮಗೆ ಉಳಿದದ್ದು ಮೂರು ಸಾವಿರವೇ ಹೊರತು ಹದಿನಾಲ್ಕಲ್ಲ. ಪರ್ಸಿನಿಂದ ನಿಜವಾಗಿ ಎಷ್ಟು ಹೋಗುತ್ತಿತ್ತು ಅಂತ ಕೇಳಿಕೊಳ್ಳಿ. ದೊಡ್ಡ ಹೋಟೆಲಿನಲ್ಲಿ ಒಂದು ರಾತ್ರಿ ಕಳೆಯುವ ಆಸೆಯಿದ್ದರೆ ತಪ್ಪೇನಿಲ್ಲ, ಧಾರಾಳವಾಗಿ ಹೋಗಿ. ಅದನ್ನು ಉಳಿತಾಯ ಅಂತ ಕರೆಯಬೇಡಿ, ಅಷ್ಟೇ. ಪಾಯಿಂಟಿನ ರೂಮಿಗೆ ಬೆಳಗಿನ ತಿಂಡಿ ಸಾಮಾನ್ಯವಾಗಿ ಸೇರಿರುವುದಿಲ್ಲ. ನಾಲ್ಕು ಜನರ ಬಫೆ ಬಿಲ್ಲು ನೋಡಿದಾಗ 'ಫ್ರೀ' ಅನ್ನುವ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚುವರಿ ಹಾಸಿಗೆಗೂ ಬೇರೆ ದುಡ್ಡು ಕೇಳಬಹುದು, ಮೊದಲೇ ವಿಚಾರಿಸಿ.

ಮಗನ ಪದವಿ ಪ್ರದಾನಕ್ಕೋ ಮಗಳ ಬಾಣಂತನಕ್ಕೋ ಹೊರದೇಶಕ್ಕೆ ಹೊರಟಿದ್ದೀರಾ? ಮ್ಯಾರಿಯಟ್‌ನಲ್ಲಿ ಸತತ ಐದು ರಾತ್ರಿ ಪಾಯಿಂಟಿನಲ್ಲೇ ಬುಕ್ ಮಾಡಿದರೆ ನಾಲ್ಕು ರಾತ್ರಿಯ ಪಾಯಿಂಟ್ ಸಾಕು. ಕೂಡಿಟ್ಟದ್ದನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆ ಸಂದರ್ಭ ಸಿಗುವುದು ಕಷ್ಟ. ನಾಲ್ಕೇ ರಾತ್ರಿಗೆ ಹೊರಟಿದ್ದರೆ ಇನ್ನೊಂದು ದಿನ ಸೇರಿಸಲಾಗುತ್ತದಾ ನೋಡಿ.

ಇನ್ನೊಂದು ಮಾತು. ಪಾಯಿಂಟ್ ಇರುವುದು ಯಜಮಾನರ ಖಾತೆಯಲ್ಲಿ, ಹೋಗುವವರು ನೀವು ಮತ್ತು ನಿಮ್ಮ ತಾಯಿ. ಆಗ ಬುಕ್ಕಿಂಗಿನಲ್ಲಿ ನಿಮ್ಮ ಹೆಸರು ಮೊದಲೇ ಸೇರಿಸಿಸಿ. ಇಲ್ಲವಾದರೆ ರಾತ್ರಿ ಹನ್ನೊಂದಕ್ಕೆ ಲಗೇಜಿನ ಜೊತೆ ಕೌಂಟರಿನಲ್ಲಿ ನಿಂತು ಅವರಿಗೆ ಫೋನ್ ಮಾಡಬೇಕಾಗುತ್ತದೆ. ಖಾತೆಯ ಪಾಸ್‌ವರ್ಡ್ ನಿಮಗೆ ಗೊತ್ತಿದೆಯಾ? ಇವತ್ತು ಊಟವಾದ ಮೇಲೆ ಕೇಳಿ ತೆಗೆದು ನೋಡಿ, ಕೊನೇ ಸಲ ಖಾತೆ ಅಲುಗಾಡಿದ್ದು ಯಾವಾಗ ಅಂತ.